ಇಂಗ್ಲಿಷ್ ಕಾದಂಬರಿಯಲ್ಲಿ ಹೊಲಮನೆಯ ಪ್ರಣಯ

1851ನೆಯ ಇಸವಿಯ ಜನಗಣತಿಯಿಂದ ಇಂಗ್ಲೆಂಡಿನವರಿಗೆ ತಮ್ಮ ವಿಷಯದಲ್ಲಿಯೇ ಒಂದು ಹೊಸ ಸಂಗತಿ ತಿಳಿದುಬಂದಿತು. ದೇಶದ ಜನರಲ್ಲಿ ಅರ್ಧದಷ್ಟು ಮಂದಿ ಆಗಲೇ ಪಟ್ಟಣವಾಸಿಗಳಾಗಿಬಿಟ್ಟಿದ್ದರು. ನೇಗಿಲನ್ನು ನಂಬಿ ಬಾಳಿದ ಜನಾಂಗವೊಂದು ಎರಡು ಮೂರು ತಲೆಮಾರುಗಳಲ್ಲಿ ಗಿರಣಿಯ ಹೊಗೆಯ ಕೆಳಗೆ ಬಂದು ನೆಲೆಸಿದ್ದು ಅದುವರೆಗೆ ಯಾವ ದೊಡ್ಡ ದೇಶದ ಚರಿತ್ರೆಯಲ್ಲಿಯೂ ಕಾಣದ ಮಾತು. ಆ ಶತಮಾನದ ಮಧ್ಯದಲ್ಲಿ ದುಡಿಯುವವರ ಪೈಕಿ ಸುಮಾರು ಐದರಲ್ಲೊಂದು ಪಾಲು ಬೇಸಾಯದಲ್ಲಿದ್ದರೆ, ಶತಮಾನ ಮುಗಿಯುವ ವೇಳೆಗೆ ಹತ್ತರಲ್ಲೊಂದು ಪಾಲೂ ಅಲ್ಲಿ ಉಳಿದಿರಲಿಲ್ಲ. ಹೊಲ, ಹಟ್ಟಿ, ಬಣವೆ, ಹಾಲುಮನೆಗಳ ನಡುವೆ ನಡೆಯುವ ಪ್ರಣಯಕಥೆಗಳಿಗೆ ಇಂಗ್ಲಿಷ್ ವಾಚಕರು ಮುಗಿಬಿದ್ದುದು ಸರಿಯಾಗಿ ಇದೇ ಐವತ್ತು ವರ್ಷಗಳಲ್ಲಿ. ಊರು ಬರಿದಾದಂತೆಲ್ಲ ಪುಸ್ತಕದೊಳಗಿನ ಊರು ತುಂಬುತ್ತ ಬಂದಿತು.

ಇದು ಕೇವಲ ಇಂಗ್ಲಿಷರ ಗುಣವೆಂದು ತಿಳಿಯಬೇಕಾಗಿಲ್ಲ. ಕುರಿಗಾಹಿಗಳ ಒಲವನ್ನು ಮೊದಲು ಹಾಡಿದ ಗ್ರೀಕ್ ಕವಿ ಥಿಯೊಕ್ರಿಟಸನು ಅಲೆಕ್ಸಾಂಡ್ರಿಯದಂಥ ಮಹಾನಗರವನ್ನೂ ಅಲ್ಲಿನ ರಾಜಾಸ್ಥಾನವನ್ನೂ ಬಲ್ಲವನಾಗಿದ್ದನು. ಹಸುರನ್ನು ಕಾಣದ ಕಣ್ಣಿಗೆ ಹಸುರಿನ ಹಂಬಲ ಹೆಚ್ಚು. ಆದರೆ ಹಂಬಲವೊಂದರಿಂದಲೇ ಒಂದು ಜಾತಿಯ ಕಥೆ ನೂರಾರು ವರ್ಷ ಬಾಳಲಾರದು. ಅದಕ್ಕೆ ಇನ್ನೊಂದು ಗಟ್ಟಿ ಕಾರಣವಿರಬೇಕು. ಅದನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಜಾರ್ಜ್ ಎಲಿಯಟ್ ಎಂಬ ಗಂಡುಹೆಸರಿನಲ್ಲಿ ಬರೆಯುತ್ತಿದ್ದ ಮೇರಿ ಆನ್ ಎವನ್ಸ್ ಎಂಬಾಕೆಯ 'ಆಡಮ್ ಬೀಡ್' 1859ರಲ್ಲಿ ಹೊರಬಂದಿತು. ಆಕೆಯ ತಂದೆ ದೊಡ್ಡ ಜಮೀನೊಂದರ ಪಾರುಪತ್ಯಗಾರನಾಗಿದ್ದವನು. ಬಾಲ್ಯದಲ್ಲಿ ಕಂಡುಂಡ ಆ ಬಾಳನ್ನು ಆಕೆ ಬರೆಹಕ್ಕೆ ಇಳಿಸಿದ್ದು ಮಾತ್ರ ಲಂಡನ್ನಿನ ಪಕ್ಕದಲ್ಲಿ ಮನೆಮಾಡಿಕೊಂಡಿದ್ದಾಗ. ಕಥೆ ನಡೆಯುವುದು 1799ರಲ್ಲಿ, ಎಂದರೆ ವಾಚಕರ ಅಜ್ಜಂದಿರ ಕಾಲದಲ್ಲಿ. ವಿಕ್ಟೋರಿಯ ರಾಣಿಯು ಈ ಪುಸ್ತಕವನ್ನು ಬಹುವಾಗಿ ಮೆಚ್ಚಿಕೊಂಡು ಅದರ ಎರಡು ಸನ್ನಿವೇಶಗಳನ್ನು ಕಾರ್ಬೋಲ್ಡ್ ಎಂಬ ಚಿತ್ರಕಾರನಿಂದ ಬರೆಯಿಸಿದಳು. ಅವುಗಳಲ್ಲೊಂದು, ಹಾಲುಮನೆಯಲ್ಲಿ ಬೆಣ್ಣೆಯ ಕೆಲಸದಲ್ಲಿರುವ ಹೆಟ್ಟಿ ಎಂಬ ಹುಡುಗಿಯ ಚಿತ್ರ. ಕಾದಂಬರಿಯಲ್ಲಿ ಈ ಹೆಟ್ಟಿಯು ಜಮೀನುದಾರನ ಮೊಮ್ಮಗನಿಂದ ಮೋಸಹೋಗಿ, ಹೆತ್ತ ಕೂಸಿನ ಸಾವಿಗೆ ಕಾರಣಳಾಗಿ, ಗಲ್ಲಿನ ಸಮೀಪಕ್ಕೆ ಹೋಗಿ ಬರುವವಳು. ಅರಮನೆಯವರಿಗೆ ಬೇಕಾದುದು ಬೆಣ್ಣೆಯ ಹೆಟ್ಟಿಯೇ ಹೊರತು ಸೆರೆಮನೆಯ ಹೆಟ್ಟಿಯಲ್ಲ! ಮುಂದೆ ಈ ಜಾತಿಯ ಕಥೆಗಳಿಗೆ ಒದಗಿದ ಗತಿಯೆಲ್ಲ ಈ ಒಂದು ಆಯ್ಕೆಯಲ್ಲಿಯೇ ಸೂಚಿತವಾಗಿದೆ ಎನ್ನಬಹುದು.

ಹತ್ತು ವರ್ಷಗಳ ತರುವಾಯ, 1869ರಲ್ಲಿ, ಬ್ಲಾಕ್‌ಮೋರನ 'ಲೋರ್ನ ಡೂನ್' ಪ್ರಕಟವಾಯಿತು. ಎಕ್ಸ್‌ಮೂರ್ ಬಯಲಿನ ಒಕ್ಕಲಿಗ ಜಾನ್ ರಿಡ್ ಎಂಬವನು ದರೋಡೆಕೋರರ ಮನೆತನದಲ್ಲಿ ಬೆಳೆದ ಕನ್ಯೆಯನ್ನು ಒಲಿದು ಗೆದ್ದುಕೊಂಡ ಕಥೆ ಇದು. ಇಲ್ಲಿಯೂ ಕಾಲ ಹದಿನೇಳನೆಯ ಶತಮಾನ. ಮೊದಲು ಮೂರು ಸಂಪುಟಗಳಲ್ಲಿ ಅಚ್ಚಾದ ಐನೂರು ಪ್ರತಿಗಳನ್ನೂ ಕೇಳುವವರಿರಲಿಲ್ಲ. ಅಗ್ಗದ ಒಂದೇ ಸಂಪುಟವಾಗಿ ಬಂದ ಮೇಲೆ ಅದು ಮನೆಮನೆಗೂ ಹೊಕ್ಕಿತು. ಆ ಸುಮಾರಿಗೆ ರಾಜಕುಮಾರಿ ಲೂಯಿಸಳಿಗೂ ಲೋರ್ನ್ ಎಂಬ ಬಿರುದಿನ ಶ್ರೀಮಂತನಿಗೂ ವಿವಾಹವಾದುದರಿಂದ, ಪುಸ್ತಕದಲ್ಲಿ ಆ ವಿವಾಹದ ಸುದ್ದಿ ಏನಾದರೂ ಇರಬಹುದೆಂದು ಜನ ಕೊಂಡುಕೊಂಡರೆಂದು ಗ್ರಂಥಕರ್ತನೇ ನಗುತ್ತಿದ್ದನು. ಆತನೂ ಸ್ವತಃ ಟೆಡಿಂಗ್‌ಟನ್ನಿನಲ್ಲಿ ಹಣ್ಣಿನ ತೋಟ ಮಾಡಿಕೊಂಡಿದ್ದವನು. ತೋಟ ಲಾಭ ತರಲಿಲ್ಲ. ತೋಟಗಾರನ ಲೇಖನಿ ತಂದಿತು.

ಈಗ ಈ ಕಥೆಗಳೆಲ್ಲಕ್ಕೂ ಕಳಶಪ್ರಾಯನಾದ ಥಾಮಸ್ ಹಾರ್ಡಿಗೆ ಬರೋಣ. ನಮ್ಮ ಕಾಲೇಜುಗಳಲ್ಲಿ ಆಂಗ್ಲ ಸಾಹಿತ್ಯವನ್ನು ಓದಿದವರಿಗೆ ಈತನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಡಾರ್ಸೆಟ್ ಪ್ರಾಂತದಲ್ಲಿ 1840ರಲ್ಲಿ ಕಲ್ಲುಕೆಲಸದವನೊಬ್ಬನ ಮಗನಾಗಿ ಹುಟ್ಟಿ, ವಾಸ್ತುಶಿಲ್ಪವನ್ನು ಕಲಿತು, ಮೂವತ್ತಮೂರನೆಯ ವಯಸ್ಸಿನಲ್ಲಿ 'ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್' ಎಂಬ ಕಾದಂಬರಿಯನ್ನು ಬರೆಯತೊಡಗಿದನು. 1874ರಲ್ಲಿ ಅದು ಲೆಸ್ಲಿ ಸ್ಟೀಫನನ ಸಂಪಾದಕತ್ವದಲ್ಲಿದ್ದ 'ಕಾರ್ನ್‌ಹಿಲ್' ಮಾಸಪತ್ರಿಕೆಯಲ್ಲಿ ಲೇಖಕನ ಹೆಸರಿಲ್ಲದೆ ಧಾರಾವಾಹಿಯಾಗಿ ಹೊರಟಿತು. ಇದು ಜಾರ್ಜ್ ಎಲಿಯಟಳದೇ ಇರಬೇಕೆಂದು ಕೆಲವರು ಊಹಿಸಿದರು. ಆ ಕಥೆಯ ಯಶಸ್ಸಿನಿಂದಲೇ ಹಾರ್ಡಿ ತನ್ನ ವೃತ್ತಿಯನ್ನು ಬಿಟ್ಟು ಲೇಖನಿಯನ್ನು ನಂಬಿದನು. ಅದೇ ವರ್ಷ ವಿವಾಹವನ್ನೂ ಮಾಡಿಕೊಂಡನು. ಹಳೆಯ ರಾಜ್ಯವೊಂದರ ಹೆಸರಾದ 'ವೆಸೆಕ್ಸ್' ಎಂಬುದನ್ನು ತನ್ನ ಸೀಮೆಗೆ ಆತನು ಮೊದಲು ಇಟ್ಟದ್ದು ಈ ಕಥೆಯಲ್ಲಿಯೇ.

ಕಥಾಸಾರವನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಬಾತ್‌ಶೀಬ ಎಂಬ ತರುಣಿಗೆ ಚಿಕ್ಕಪ್ಪನ ಗೇಣಿಯ ಜಮೀನು ಬರುತ್ತದೆ. ಅವಳನ್ನು ಮೂವರು ಬಯಸುತ್ತಾರೆ. ಕುರಿಮಂದೆಯನ್ನು ಕಳೆದುಕೊಂಡು ಅವಳಲ್ಲಿಯೇ ಆಳಾಗಿ ನಿಂತ ಗೇಬ್ರಿಯಲ್ ಓಕ್. ನೆರೆಯ ಸಾಹುಕಾರ ಒಕ್ಕಲಿಗ ಬೋಲ್ಡ್‌ವುಡ್. ಕೆಂಪು ಅಂಗಿಯ ದಂಡಾಳು ಟ್ರಾಯ್. ಅವಳು ಮೆಚ್ಚಿ ಕೈಹಿಡಿಯುವುದು ದಂಡಾಳನ್ನು. ಇಷ್ಟೇ ಆಗಿದ್ದರೆ ಇದು ಸಾವಿರದಲ್ಲಿ ಒಂದು ಕಥೆ. ಆದರೆ ಹಾರ್ಡಿಯಲ್ಲಿ ಒಲವು ಹೊಲದ ಹಿನ್ನೆಲೆಯಲ್ಲಿ ನಡೆಯುವುದಿಲ್ಲ. ಹೊಲದ ಕೆಲಸದಲ್ಲಿಯೇ ನಡೆಯುತ್ತದೆ. ಓಕನ ಇನ್ನೂರು ಕುರಿಗಳನ್ನು ಅನುಭವವಿಲ್ಲದ ನಾಯಿಮರಿಯೊಂದು ಅಟ್ಟಿಕೊಂಡು ಹೋಗಿ ಸುಣ್ಣದ ಕಲ್ಲಿನ ಕಣಿಗೆ ಬೀಳಿಸುತ್ತದೆ. ಅವು ಸಾಲದ ಮೇಲೆ ತಂದ ಕುರಿಗಳು, ವಿಮೆಯೂ ಇಲ್ಲ. ಒಂದೇ ರಾತ್ರಿಯಲ್ಲಿ ಯಜಮಾನನು ಆಳಾಗುತ್ತಾನೆ. ಮುಂದೆ ಬಾತ್‌ಶೀಬಳು ಕೋಪದಲ್ಲಿ ಅವನನ್ನು ಕೆಲಸದಿಂದ ಬಿಡಿಸಿದ ಮರುದಿನವೇ ಅವಳ ಕುರಿಗಳು ಹಸಿ ಮೇವನ್ನು ಮೆಯ್ದು ಹೊಟ್ಟೆಯುಬ್ಬರದಿಂದ ಸಾಯತೊಡಗುತ್ತವೆ. ಪಕ್ಕೆಯನ್ನು ಸರಿಯಾದ ಜಾಗದಲ್ಲಿ ಚುಚ್ಚಿ ವಾಯುವನ್ನು ಬಿಡಿಸಬಲ್ಲವನು ಆ ಸೀಮೆಯಲ್ಲಿ ಅವನೊಬ್ಬನೇ. ಒಡತಿಯು ಬಿಗುಮಾನವನ್ನು ಬಿಟ್ಟು ಚೀಟಿ ಬರೆದು ಬೇಡಿಕೊಳ್ಳಬೇಕಾಗುತ್ತದೆ.

ಎಲ್ಲಕ್ಕಿಂತ ಹಿರಿದಾದದ್ದು ಬಿರುಗಾಳಿಯ ರಾತ್ರಿಯ ಪ್ರಕರಣ. ಸುಗ್ಗಿಯ ಊಟದ ದಿನ ನವವರನಾದ ಟ್ರಾಯ್ ಆಳುಗಳಿಗೆಲ್ಲ ಬ್ರಾಂದಿ ಕುಡಿಸಿ ಕಣದ ಮನೆಯಲ್ಲಿ ಮಲಗಿಸಿಬಿಡುತ್ತಾನೆ. ಹೊರಗೆ ಐದು ಗೋದಿಯ ಬಣವೆಗಳೂ ಮೂರು ಬಾರ್ಲಿಯ ಬಣವೆಗಳೂ ಹೊದಿಕೆಯಿಲ್ಲದೆ ನಿಂತಿವೆ. ಓಕನು ಅವುಗಳ ಬೆಲೆಯನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾನೆ: 750 ಪೌಂಡು. ಆಮೇಲೆ ಒಬ್ಬನೇ ಮೇಲೇರಿ ಹೊದಿಸತೊಡಗುತ್ತಾನೆ. ಬಾತ್‌ಶೀಬಳೂ ಏಣಿ ಹತ್ತಿ ಹುಲ್ಲಿನ ಹೊರೆ ಎತ್ತಿಕೊಡುತ್ತಾಳೆ. ಬೆಳಿಗ್ಗೆ ನೋಡಿದರೆ ಬೋಲ್ಡ್‌ವುಡ್ಡನು ಅವಳ ಕೊರಗಿನಲ್ಲಿ ಮುಳುಗಿ ತನ್ನ ಬಣವೆಗಳನ್ನು ಹೊದಿಸುವುದನ್ನೇ ಮರೆತಿರುತ್ತಾನೆ. ವರ್ಷದ ಬೆಳೆಯೆಲ್ಲ ನೀರುಪಾಲು. ಮೂವರ ಒಲವಿನ ತೂಕವನ್ನು ತಿಳಿಯಲು ಅವರ ಮಾತುಗಳನ್ನು ಕೇಳಬೇಕಾಗಿಯೇ ಇಲ್ಲ. ಒಬ್ಬನು ಪರರ ಬಣವೆಯನ್ನು ಕಾದನು. ಒಬ್ಬನು ಹೆಂಡತಿಯ ಬಣವೆಯನ್ನು ಕೈಬಿಟ್ಟನು. ಒಬ್ಬನು ತನ್ನದನ್ನೇ ಮರೆತನು. ಪ್ರಣಯದ ನಡುವೆ ರೂಪಾಯಿ ಆಣೆಗಳ ಲೆಕ್ಕವೇಕೆಂದು ನಮ್ಮ ರಸಿಕರು ಮೂಗು ಮುರಿಯಬಹುದು. ಆದರೆ ಒಕ್ಕಲು ಮನೆಯಲ್ಲಿ ಹುಟ್ಟಿದ ಯಾರಿಗೂ ಅದು ಅಸಹಜವಾಗಿ ತೋರದು. ಅಲ್ಲಿ ಪ್ರೀತಿಯೆಂಬುದು ಮಳೆ ಬರುವ ಮೊದಲು ಹುಲ್ಲು ಹೊದಿಸುವುದೇ.

ಈ ಕಥೆಗಳು ಮನಸ್ಸನ್ನು ಹಿಡಿಯುವ ಗಟ್ಟಿ ಕಾರಣವನ್ನು ಇಲ್ಲಿಯೇ ಕಾಣಬಹುದೆಂದು ನನಗೆ ತೋರುತ್ತದೆ. ಪಟ್ಟಣದ ಪ್ರಣಯಕಥೆಯಲ್ಲಿ ನಾಯಕಿಯು ಯಾರ ಕೈ ಹಿಡಿದರೂ ಕೆಡುವುದು ಅಥವಾ ಉಳಿಯುವುದು ಅವಳೊಬ್ಬಳ ಬಾಳು. ಹೊಲಮನೆಯ ಕಥೆಯಲ್ಲಿ ಹಾಗಲ್ಲ. ಅವಳ ಕೈಯೊಡನೆ ನೆಲವೂ ದನಕರುಗಳೂ ಹತ್ತಾರು ಆಳುಗಳ ಕೂಲಿಯೂ ಹೋಗುತ್ತವೆ. ಅದರಲ್ಲಿಯೂ ಆ ಕಾಲದ ಇಂಗ್ಲೆಂಡಿನ ನ್ಯಾಯವನ್ನು ನೆನೆಯಬೇಕು. ಆಗ ವಿವಾಹವಾದೊಡನೆ ಸ್ತ್ರೀಯ ಚರಸ್ವತ್ತು ಬಹುಮಟ್ಟಿಗೆ ಗಂಡನ ವಶವಾಗುತ್ತಿದ್ದಿತು. 1870ರ ಶಾಸನ ಅವಳ ಸಂಪಾದನೆಯನ್ನಷ್ಟೇ ಸ್ವಲ್ಪಮಟ್ಟಿಗೆ ಕಾಪಾಡಿತು. ಪೂರ್ಣವಾದ ಹಕ್ಕು ದೊರೆತದ್ದು 1882ರ ಶಾಸನದಿಂದ. ಈ ಎರಡು ಶಾಸನಗಳ ನಡುವೆ ಹುಟ್ಟಿದವಳು ಬಾತ್‌ಶೀಬ. ಗಂಡಸರೇ ತುಂಬಿದ ಧಾನ್ಯದ ಪೇಟೆಗೆ ತಾನೇ ಹೋಗಿ ಕಾಳನ್ನು ಅಂಗೈಯಲ್ಲಿ ಸುರಿದು ತೋರಿಸಿ ವ್ಯಾಪಾರ ಕುದುರಿಸಿದವಳು, ಆಳುಗಳಿಗೆ ತನ್ನ ಕೈಯಿಂದಲೇ ಸಂಬಳ ಕೊಟ್ಟವಳು, ಮದುವೆಯಾದ ಮೇಲೆ ಗಂಡನ ಕುದುರೆಜೂಜಿಗೆ ಹಣ ತೆರಬೇಕಾಗುತ್ತದೆ. ಆ ಕಾಲದ ಓದುಬಲ್ಲ ಹೆಂಗಸರು ಈ ಪುಟಗಳನ್ನು ಯಾವ ಮನಸ್ಸಿನಿಂದ ತಿರುವಿರಬಹುದೆಂಬುದನ್ನು ನಮ್ಮ ಮನೆಗಳ ಸೋದರಿಯರು ಸುಲಭವಾಗಿ ಊಹಿಸಬಲ್ಲರು. ಮುಂದೆ 1921ರಲ್ಲಿ ಶೀಲಾ ಕೇ-ಸ್ಮಿತ್ ಎಂಬಾಕೆಯು ಜವುಗು ನೆಲದಲ್ಲಿ ಕುರಿಸಾಕಣೆ ನಡೆಸುವ ಒಡತಿಯೊಬ್ಬಳನ್ನೇ ನಾಯಕಿಯನ್ನಾಗಿಸಿ 'ಜೋಆನ ಗಾಡನ್' ಬರೆದಾಗಲೂ ಈ ಗಂಟೇ ಮರಳಿ ಬಂದಿತು.

ಇಷ್ಟನ್ನೆಲ್ಲ ಓದುತ್ತಿದ್ದವರು ಯಾರು? ಆಳುಗಳಂತೂ ಅಲ್ಲ. ಮೂರು ಸಂಪುಟಗಳ ಕಾದಂಬರಿಯೊಂದರ ಬೆಲೆ ಒಂದೂವರೆ ಗಿನಿ, ಎಂದರೆ 31 ಷಿಲಿಂಗು 6 ಪೆನ್ಸು. 1872ರಲ್ಲಿ ವಾರಿಕ್‌ಷೈರಿನ ವೆಲ್ಸ್‌ಬೋರ್ನ್ ಎಂಬ ಊರಿನ ಮರವೊಂದರ ಕೆಳಗೆ ಜೋಸೆಫ್ ಆರ್ಚ್ ಎಂಬಾತನು ಹೊಲದಾಳುಗಳನ್ನು ಕೂಡಿಸಿ ಸಂಘ ಕಟ್ಟಿದಾಗ ಅಲ್ಲಿನವರ ಕೂಲಿ ವಾರಕ್ಕೆ ಸುಮಾರು 12 ಷಿಲಿಂಗು. ಹಾರ್ಡಿಯ ಡಾರ್ಸೆಟ್ಟಿನಲ್ಲಿ ಅಷ್ಟೂ ದೊರೆಯುತ್ತಿರಲಿಲ್ಲ. ಪುಸ್ತಕಗಳನ್ನು ಕೊಂಡು ಓದುವವರು ಮಧ್ಯಮವರ್ಗದಲ್ಲಿಯೂ ವಿರಳ. ಅವರು ವರ್ಷಕ್ಕೆ ಒಂದು ಗಿನಿ ಚಂದಾ ಕೊಟ್ಟು ಲಂಡನ್ನಿನ ಮೂಡಿಯ ಪುಸ್ತಕಾಲಯದಿಂದ ತರಿಸಿಕೊಳ್ಳುತ್ತಿದ್ದರು. ಇಲ್ಲವೇ ಸ್ಮಿತ್ತನ ಅಂಗಡಿಗಳಲ್ಲಿ, ರೈಲು ಹೊರಡುವ ಮುನ್ನ, ಅಗ್ಗದ ಪ್ರತಿಯೊಂದನ್ನು ಕೊಳ್ಳುತ್ತಿದ್ದರು. ಹಳ್ಳಿಯ ಮಕ್ಕಳನ್ನು ಪಟ್ಟಣಕ್ಕೆ ಹೊತ್ತು ತಂದದ್ದೂ ಇದೇ ರೈಲು, ಹಳ್ಳಿಯ ಕಥೆಯನ್ನು ಅವರ ಕೈಗಿತ್ತದ್ದೂ ಇದೇ ರೈಲು.

ಆ ವಾಚಕರ ಅಭಿರುಚಿಗೆ ಸಂಪಾದಕರು ಎಷ್ಟು ಅಂಜುತ್ತಿದ್ದರೆಂಬುದಕ್ಕೆ ಒಂದು ವಿನೋದದ ನಿದರ್ಶನವುಂಟು. 1891ರಲ್ಲಿ 'ಟೆಸ್' ಕಾದಂಬರಿಯು 'ಗ್ರಾಫಿಕ್' ಪತ್ರಿಕೆಯಲ್ಲಿ ಬರುತ್ತಿದ್ದಾಗ, ಮಳೆನೀರು ನಿಂತ ದಾರಿಯಲ್ಲಿ ನಾಯಕನು ಹಾಲುಮನೆಯ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಎತ್ತಿ ದಾಟಿಸುವ ಸನ್ನಿವೇಶವಿದ್ದಿತು. ಸಭ್ಯ ಕುಟುಂಬಗಳಿಗೆ ಇದು ಸರಿಬಾರದೆಂದು, ಅವರನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದನೆಂದು ಹಾರ್ಡಿ ತಿದ್ದಿ ಬರೆಯಬೇಕಾಯಿತು. ಮುಂದೆ ಪುಸ್ತಕವಾದಾಗ ಕೈಗಾಡಿ ಮಾಯವಾಯಿತು.

ಟೆಸ್ ಬರೆಯುವ ಹೊತ್ತಿಗೆ ಆ ನಾಡಿನ ಬೇಸಾಯದ ಸೊಂಟವೇ ಮುರಿದಿದ್ದಿತು. 1879ರಲ್ಲಿ ಬೇಸಗೆಯೆಲ್ಲ ಮಳೆ ಹೊಯ್ದು ಪೈರು ಕೊಳೆಯಿತು. ಅದೇ ಕಾಲಕ್ಕೆ ಅಮೆರಿಕದ ಬಯಲುಗಳ ಗೋದಿಯು ಉಗಿಹಡಗುಗಳಲ್ಲಿ ಬಂದು ಬೀಳತೊಡಗಿತು. 1877ರಲ್ಲಿ ಒಂದು ಕ್ವಾರ್ಟರಿಗೆ 56 ಷಿಲಿಂಗು 9 ಪೆನ್ಸು ಇದ್ದ ಗೋದಿಯ ಧಾರಣೆ 1894ರಲ್ಲಿ 22 ಷಿಲಿಂಗು 10 ಪೆನ್ಸಿಗೆ ಇಳಿಯಿತು. ಉತ್ತ ನೆಲ ಹುಲ್ಲುಗಾವಲಾಯಿತು. ಆಳುಗಳು ಊರಿಂದ ಊರಿಗೆ ಅಲೆಯತೊಡಗಿದರು. 1883ರಲ್ಲಿ ಹಾರ್ಡಿಯು 'ಡಾರ್ಸೆಟ್‌ಷೈರಿನ ಕೂಲಿಯವನು' ಎಂಬರ್ಥದ ಪ್ರಬಂಧವೊಂದನ್ನು 'ಲಾಂಗ್‌ಮನ್ಸ್' ಪತ್ರಿಕೆಯಲ್ಲಿ ಬರೆದನು. ವರ್ಷದ ಕರಾರು ಮುಗಿದ ದಿನ ಗಾಡಿಗಳಲ್ಲಿ ಪಾತ್ರೆಪಡಗ, ಮಂಚ, ಮಕ್ಕಳನ್ನು ಹೇರಿಕೊಂಡು ಊರು ಬಿಡುವ ಸಂಸಾರಗಳ ವರ್ಣನೆ ಅದರಲ್ಲಿದೆ. ಪಟ್ಟಣಿಗರು ಹೊಲದಾಳುಗಳೆಲ್ಲರಿಗೂ 'ಹಾಡ್ಜ್' ಎಂಬ ಒಂದೇ ಹೆಸರಿಟ್ಟು, ಅವನೊಬ್ಬ ಮಂದಬುದ್ಧಿಯ ಗೊಂಬೆಯೆಂದು ನಗುತ್ತಿದ್ದರು. ಅವರ ನಡುವೆ ಆರು ತಿಂಗಳು ಇದ್ದು ನೋಡಿದವನಿಗೆ ಹಾಡ್ಜ್ ಎಂಬವನು ಎಲ್ಲಿಯೂ ಸಿಕ್ಕುವುದಿಲ್ಲ, ಪ್ರತಿಯೊಬ್ಬನೂ ಬೇರೆ ಬೇರೆ ಮನುಷ್ಯನೇ ಎಂಬುದು ಹಾರ್ಡಿಯ ವಾದ. ಟೆಸ್ಸಳ ದುರಂತವೂ ಈ ಅರಿವಿನಿಂದಲೇ ಹುಟ್ಟಿದೆ. ಮನೆಯ ಒಂದೇ ಕುದುರೆ ಅಪಘಾತದಲ್ಲಿ ಸತ್ತುದರಿಂದ ಅವಳು ಸಿರಿವಂತರ ಮನೆಗೆ ಹೋಗಬೇಕಾಯಿತು. ಮೂರು ತಲೆಗಳ ಆಯುಷ್ಯಕ್ಕೆ ಬರೆದುಕೊಟ್ಟ ಮನೆಯ ಕರಾರು ತಂದೆಯ ಸಾವಿನೊಡನೆ ತೀರಿದುದರಿಂದ, ಬೀದಿಗೆ ಬಿದ್ದ ತಾಯಿ ತಮ್ಮಂದಿರಿಗಾಗಿ ಅವಳು ತನ್ನನ್ನು ಕೆಡಿಸಿದವನ ಬಳಿಗೆ ಮರಳಿದಳು. ಇದನ್ನು ವಿಧಿಯೆನ್ನುವವರು ಕರಾರು ಪತ್ರವನ್ನು ಓದಲಿಲ್ಲವೆಂದು ಹೇಳಬೇಕಾಗುತ್ತದೆ.

ಆದರೆ ವಾಚಕರು ಹಾರ್ಡಿಯಿಂದ ತೆಗೆದುಕೊಂಡದ್ದು ಕರಾರು ಪತ್ರವನ್ನಲ್ಲ, ವೆಸೆಕ್ಸನ್ನು. ಆತನ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿ ನೋಡಬರುವ ಪ್ರವಾಸಿಗರ ಸಾಲು ಹತ್ತಿತು. ಆತನು 1928ರ ಜನವರಿಯಲ್ಲಿ ತೀರಿಕೊಂಡಾಗ ದೇಹದ ಬೂದಿಯನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿಯೂ ಹೃದಯವನ್ನು ಹುಟ್ಟೂರಿನ ಬಳಿಯ ಸ್ಟಿನ್ಸ್‌ಫರ್ಡ್ ಮಸಣದಲ್ಲಿಯೂ ಇರಿಸಿದರು.

ಅದೇ 1928ರ ಏಪ್ರಿಲಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಪ್ರಧಾನಮಂತ್ರಿಯಾಗಿದ್ದ ಸ್ಟಾನ್ಲಿ ಬಾಲ್ಡ್‌ವಿನ್ನನು ಸಾಹಿತ್ಯನಿಧಿಯ ಔತಣವೊಂದರಲ್ಲಿ, ಹಿಂದಿನ ವರ್ಷ ತೀರಿಹೋಗಿದ್ದ ಮೇರಿ ವೆಬ್ ಎಂಬ ಲೇಖಕಿಯನ್ನು ಜನ ಗುರುತಿಸಲಿಲ್ಲವೆಂದು ಮರುಗಿ ಹೊಗಳಿದನು. ಶ್ರಾಪ್‌ಷೈರಿನಲ್ಲಿ ಹುಟ್ಟಿ, ತಾನೇ ಬೆಳೆಸಿದ ಹೂ ತರಕಾರಿಗಳನ್ನು ಶ್ರೂಸ್‌ಬರಿಯ ಸಂತೆಗೆ ಹೊತ್ತು ಮಾರಿದ್ದ ಆಕೆ, ರೋಗದಿಂದಲೂ ಕೊರಗಿನಿಂದಲೂ 46ನೆಯ ವಯಸ್ಸಿನಲ್ಲಿ ಸತ್ತಿದ್ದಳು. 1924ರಲ್ಲಿ ಬಂದ ಆಕೆಯ 'ಪ್ರೆಶಸ್ ಬೇನ್' ಫೆಮಿನಾ ಪಾರಿತೋಷಿಕವನ್ನು ಪಡೆದಿದ್ದರೂ ಹೆಚ್ಚಾಗಿ ಮಾರಿರಲಿಲ್ಲ. ಪ್ರಧಾನಿಯ ಬಾಯಿಂದ ಮಾತು ಬಿದ್ದುದೇ ತಡ, ಪ್ರಕಾಶಕರಿಗೆ ಅಚ್ಚುಹಾಕಿ ಪೂರೈಸಲಾಗಲಿಲ್ಲ. ಸೀಳುತುಟಿಯ ಪ್ರೂ ಎಂಬ ಹುಡುಗಿಗೂ ಒಬ್ಬ ನೇಕಾರನಿಗೂ ನಡುವಣ ಒಲವು, ಗೋದಿ ಬೆಳೆದು ಸಿರಿವಂತನಾಗಹೊರಟ ಅಣ್ಣನ ಹಟ, ಸುಗ್ಗಿ ಮುಗಿದ ರಾತ್ರಿಯೇ ಬಣವೆಗಳಿಗೆ ಬಿದ್ದ ಬೆಂಕಿ, ಇವು ಅದರ ವಸ್ತು. ಕಾಲ ನೆಪೋಲಿಯನ್ನನ ಯುದ್ಧಗಳದು. ಆ ಪುಸ್ತಕದಲ್ಲಿ ಸತ್ತ್ವವಿಲ್ಲವೆಂದು ನಾನು ಹೇಳಲಾರೆ. ಆದರೆ ಹೊಗಳಿದವನನ್ನು ನೋಡಬೇಕು. ಬಾಲ್ಡ್‌ವಿನ್ನನು ಕಬ್ಬಿಣದ ಕಾರಖಾನೆಗಳ ಒಡೆಯರ ಮನೆತನದವನು. 1924ರ ಭಾಷಣವೊಂದರಲ್ಲಿ ಇಂಗ್ಲೆಂಡ್ ಎಂದರೆ ತನಗೆ ದಿಬ್ಬವನ್ನೇರಿ ಬರುವ ನೇಗಿಲು ಹೂಡಿದ ಕುದುರೆಗಳೂ ಕಮ್ಮಾರನ ಸುತ್ತಿಗೆಯ ದನಿಯೂ ಎಂದು ವರ್ಣಿಸಿದವನು. 1926ರ ಮೇ ತಿಂಗಳಿನಲ್ಲಿ ಗಣಿಯ ಕೂಲಿಗಳ ಪರವಾಗಿ ದೇಶವೆಲ್ಲ ಮುಷ್ಕರ ಹೂಡಿದಾಗ ಎದುರಿಗೆ ನಿಂತ ಸರಕಾರವೂ ಅವನದೇ. ಮರುವರ್ಷದ ಜನವರಿಯಲ್ಲಿ ಅವನು ಮೇರಿ ವೆಬ್ಬಳಿಗೆ ಮೆಚ್ಚಿಕೆಯ ಕಾಗದ ಬರೆದನು. ರಾಜಕಾರ್ಯದಿಂದ ಬಳಲಿದ ಮನಸ್ಸು ನೂರು ವರ್ಷ ಹಿಂದಿನ ಹೊಲದಲ್ಲಿ ನೆಮ್ಮದಿಯನ್ನು ಹುಡುಕಿತೆಂದರೆ ತಪ್ಪೇನೂ ಇಲ್ಲ. ಅಲ್ಲಿ ಸಂಘ ಕಟ್ಟುವ ಕೂಲಿಯವರು ಇರಲಿಲ್ಲವೆಂಬುದನ್ನು ಮಾತ್ರ ಮರೆಯಲಾಗದು.

ಒಂದು ಮಾಲಿಗೆ ಗಿರಾಕಿ ಹೆಚ್ಚಿದರೆ ಕಲಬೆರಕೆಯೂ ಹೆಚ್ಚುವುದು ಸಹಜ. ಮಣ್ಣು, ಮೋಹ, ಶಾಪ, ಹುಚ್ಚು ಇವನ್ನು ಕಲಸಿ ಬರೆದ ಕಥೆಗಳು ಪುಸ್ತಕಾಲಯಗಳನ್ನು ತುಂಬಿದವು. 'ಈವನಿಂಗ್ ಸ್ಟಾಂಡರ್ಡ್' ಪತ್ರಿಕೆಯಲ್ಲಿ ಕೆಲಸಕ್ಕಿದ್ದ ಸ್ಟೆಲ್ಲ ಗಿಬ್ಬನ್ಸ್ ಎಂಬ ಲಂಡನ್ನಿನ ತರುಣಿಗೆ ಮೇರಿ ವೆಬ್ಬಳ ಧಾರಾವಾಹಿಯ ಹಿಂದಿನ ಕಥೆಯನ್ನು ಸಂಗ್ರಹಿಸಿ ಬರೆಯುವ ಪಾಳಿ ಬಂದಿತು. ಆ ಬೇಸರದ ಫಲವೇ 1932ರ 'ಕೋಲ್ಡ್ ಕಂಫರ್ಟ್ ಫಾರ್ಮ್' ಎಂಬ ಹಾಸ್ಯ ಕಾದಂಬರಿ. ಪಟ್ಟಣದ ಜಾಣೆಯೊಬ್ಬಳು ನೆಂಟರ ಹೊಲಮನೆಗೆ ಹೋಗಿ, ಅಲ್ಲಿನ ಶಾಪಗ್ರಸ್ತ ಜೀವಗಳನ್ನೆಲ್ಲ ಒಂದೊಂದಾಗಿ ಒಪ್ಪ ಮಾಡುವುದು ಅದರ ಕಥೆ. ಅತಿ ಸುಂದರವಾದ ವರ್ಣನೆಗಳು ವಾಚಕರ ಕಣ್ಣಿಗೆ ತಪ್ಪದಿರಲೆಂದು, ಪ್ರವಾಸದ ಕೈಪಿಡಿಗಳಂತೆ, ಅವುಗಳ ಮುಂದೆ ನಕ್ಷತ್ರದ ಗುರುತುಗಳನ್ನೂ ಹಾಕಿದ್ದಾಳೆ! ಆ ಹಟ್ಟಿಯ ಹಸುವೊಂದರ ಕಾಲು ಕಳಚಿ ಬಿದ್ದರೂ ಅಲ್ಲಿದ್ದವರು ಯಾರೂ ಗಮನಿಸುವುದಿಲ್ಲ. ಹಾರ್ಡಿಯ ಓಕನು ಕುರಿಯ ಪಕ್ಕೆಯಲ್ಲಿ ಚುಚ್ಚತಕ್ಕ ಸ್ಥಳವನ್ನು ಬಲ್ಲವನಾಗಿದ್ದನು. ಐವತ್ತೆಂಟು ವರ್ಷಗಳಲ್ಲಿ ಹೊಲಮನೆಯ ಕಥೆ ಹಸುವಿನ ಕಾಲನ್ನೇ ಕಾಣದ ಸ್ಥಿತಿಗೆ ಬಂದಿದ್ದಿತು. ಮೇರಿ ವೆಬ್ಬಳಿಗೆ ದೊರೆತ ಫೆಮಿನಾ ಪಾರಿತೋಷಿಕವೇ ಈ ಅಣಕಕ್ಕೂ ದೊರೆಯಿತು.

ಅಣಕದಿಂದ ಆ ಕಥೆಗಳು ಸಾಯಲಿಲ್ಲ. ಮೇರಿ ವೆಬ್ಬಳ 'ಗಾನ್ ಟು ಅರ್ತ್' 1950ರಲ್ಲಿ ಚಲಚ್ಚಿತ್ರವಾಯಿತು. ಬಾತ್‌ಶೀಬಳ ಕಥೆಯನ್ನು 1967ರಲ್ಲಿಯೂ 2015ರಲ್ಲಿಯೂ ತೆರೆಗೆ ತಂದರು. ಅಮೆರಿಕದಲ್ಲಿ ಬೆವರ್ಲಿ ಲೂಯಿಸಳ 'ದಿ ಷನ್ನಿಂಗ್' 1997ರಲ್ಲಿ ಬಂದುದು ಮೊದಲುಗೊಂಡು, ಕುದುರೆಗಾಡಿಯನ್ನು ಬಿಡದ ಅಮಿಷ್ ಒಕ್ಕಲಿಗರ ಪ್ರಣಯಕಥೆಗಳಿಗೆ ಮೋಟಾರಿನಲ್ಲಿ ಓಡಾಡುವ ವಾಚಕರು ಲಕ್ಷಗಟ್ಟಲೆ.

ಕನ್ನಡದಲ್ಲಿ ಮಣ್ಣಿನ ಕಾದಂಬರಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅದು ಹಾಸ್ಯಕ್ಕೆ ಪಕ್ಕಾದ ವರ್ಷಗಳಲ್ಲಿಯೇ. ಇಲ್ಲಿಯ ಸ್ಥಿತಿ ಬೇರೆ. ನಮ್ಮ ಓದುಗರ ಒಂದು ಕಾಲು ಇನ್ನೂ ಗದ್ದೆಯಲ್ಲಿಯೇ ಇದ್ದಿತು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಹೂವಯ್ಯ ಸೀತೆಯರ ಒಲವೂ ಕಾನೂರು ಮನೆಯ ಹಿಸ್ಸೆಯ ಜಗಳವೂ ಒಂದೇ ಹಗ್ಗದ ಎರಡು ಎಳೆಗಳಾಗಿ ಬಂದದ್ದು ಆದುದರಿಂದಲೇ ಇರಬೇಕು. ಅದಕ್ಕೂ ಮೂರು ವರ್ಷ ಮೊದಲು, 'ಕೋಲ್ಡ್ ಕಂಫರ್ಟ್ ಫಾರ್ಮ್' ಬಂದ ಮರುವರ್ಷ, ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾಯಿತು. ಚೋಮನಲ್ಲಿ ಒಂದು ಜೊತೆ ಎತ್ತುಗಳಿವೆ, ಉಳಲು ತೋಳುಗಳಿವೆ, ಅಸ್ಪೃಶ್ಯನೆಂದು ಅವನಿಗೆ ಗೇಣಿಗೆ ನೆಲ ಕೊಡುವವರಿಲ್ಲ. ಅವನ ಮಗಳು ಬೆಳ್ಳಿಗೂ ಒಲಿಯುವವನೊಬ್ಬನು ಸಿಕ್ಕುತ್ತಾನೆ, ಅಪ್ಪನ ಸಾಲ ತೀರಿಸಲು ಅವಳು ದುಡಿಯಹೋದ ಘಟ್ಟದ ತೋಟದಲ್ಲಿ. ಅವನು ಆ ತೋಟದ ಲೆಕ್ಕ ಬರೆಯುವವನು. ಅಪ್ಪನ ಸಾಲದ ಲೆಕ್ಕವೂ ಅವನ ಪುಸ್ತಕದಲ್ಲಿಯೇ ಇದ್ದಿತು.